ಕೋಲಾರದಲ್ಲಿ ಕೂತು ‘ದ ಇನ್ನರ್ ಲೈಟ್’ ನೋಡಿದ್ರೆ

ಈ ಎಪಿಸೋಡ್ ಬಗ್ಗೆ ಯಾವ ಸ್ಟಾರ್ ಟ್ರೆಕ್ ಫ್ಯಾನ್‌ನ ಕೇಳಿದ್ರೂ ಮೊದಲು ಬರೋ ಮಾತು ಕೊಳಲು. ಆ ಟ್ಯೂನ್ ಬಂತು ಅಂದ್ರೆ ಅಳು ಬರತ್ತೆ ಅಂತಾರೆ, ಫೋನ್‌ಗೆ ರಿಂಗ್‌ಟೋನ್ ಇಟ್ಕೊಂಡಿರೋರೂ ಇದಾರೆ. ಈಗ ತಾನೇ ಇಲ್ಲಿ ಪರದೆ ಮೇಲೆ ನೋಡಿದ್ರಲ್ಲ, ನಿಮ್ಮಲ್ಲೂ ಇಬ್ಬರು ಮೂವರು ಕೊನೇಲಿ ಮೂಗು ಒರೆಸ್ಕೊತಾ ಇದ್ರಿ, ನಾನು ಕಂಡೆ, ಹೆಸರು ಹೇಳಲ್ಲ. ಆದ್ರೆ ನನಗೆ ಇವತ್ತು ಕೊಳಲಿಗಿಂತ ಜಾಸ್ತಿ ನೀರಿನ ಬಗ್ಗೆ ಮಾತಾಡ್ಬೇಕು. ಅಮೆರಿಕದಲ್ಲಿ ಕೂತು ನೋಡೋನಿಗೆ ಇದು ಒಬ್ಬ ಮನುಷ್ಯನ ಒಂಟಿತನದ ಕಥೆ ಇರಬಹುದು, ಕೋಲಾರದಲ್ಲಿ ಕೂತು ನೋಡೋನಿಗೆ ಇದು ಬರಗಾಲದ ಕಥೆ, ಆಮೇಲೆ ಬೇರೆಯೆಲ್ಲ.

ಲೇಟಾಗಿ ಬಂದೋರಿಗೆ ಕಥೆ ಬೇಗ ಹೇಳಿಬಿಡ್ತೀನಿ. ‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಶನ್’ ಸರಣಿಯ ಐದನೇ ಸೀಸನ್ನು, 1992ರ ಜೂನ್ 1ಕ್ಕೆ ಮೊದಲು ಪ್ರಸಾರ ಆಗಿದ್ದು. ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶ ಹಡಗಿನ ಎದುರಿಗೆ ಯಾವುದೋ ಹಳೇ ಯಂತ್ರ ತೇಲ್ತಾ ಬರತ್ತೆ, ಅದರಿಂದ ಒಂದು ಕಿರಣ ಬಂದು ಕ್ಯಾಪ್ಟನ್ ಪಿಕಾರ್ಡ್‌ಗೆ ತಾಗತ್ತೆ, ಆತ ಅಲ್ಲೇ ಬೀಳ್ತಾನೆ. ಕಣ್ಣು ಬಿಟ್ರೆ ಬೇರೆ ಲೋಕ. ಕಟಾನ್ ಅನ್ನೋ ಗ್ರಹ, ರೆಸಿಕ್ ಅನ್ನೋ ಸಣ್ಣ ಊರು, ಎದುರಿಗೆ ಎಲೀನ್ ಅಂತ ಒಬ್ಬಾಕೆ, ‘ನಾನು ನಿನ್ನ ಹೆಂಡ್ತಿ, ನೀನು ಕೇಮಿನ್, ಕಬ್ಬಿಣದ ಕೆಲಸದವನು, ಜ್ವರ ಬಂದು ಮಲಗಿದ್ದೆ’ ಅಂತಾಳೆ. ಆತ ನಂಬಲ್ಲ. ವರ್ಷಗಟ್ಲೆ ನಂಬಲ್ಲ, ಆಕಾಶ ನೋಡ್ತಾ ತನ್ನ ಹಡಗು ಹುಡುಕ್ತಾ ಕೂರ್ತಾನೆ. ಆಮೇಲೆ ನಿಧಾನಕ್ಕೆ ಅಲ್ಲಿಯವನೇ ಆಗ್ತಾನೆ, ಕೊಳಲು ನುಡಿಸೋದು ಕಲೀತಾನೆ, ಮಗಳು ಮೆರಿಬೋರ್, ಮಗ ಬಟಾಯ್, ಮೊಮ್ಮಗ, ಹೆಂಡ್ತಿ ಸಾವು, ಮುಪ್ಪು. ಕೊನೆಗೆ ಊರಿಗೂರೇ ಸೇರಿ ಒಂದು ರಾಕೆಟ್ ಹಾರಿಸೋದು ನೋಡೋಕೆ ಕರ್ಕೊಂಡು ಹೋಗ್ತಾರೆ, ಸತ್ತ ಹೆಂಡ್ತಿ, ಸತ್ತ ಸ್ನೇಹಿತ ಎಲ್ಲ ಹರೆಯದಲ್ಲಿದ್ದ ಹಾಗೇ ಬಂದು ಎದುರಿಗೆ ನಿಲ್ತಾರೆ, ಆಗ ಗೊತ್ತಾಗತ್ತೆ ಆ ರಾಕೆಟ್ಟೇ ತನ್ನನ್ನ ಹಿಡಿದ ಯಂತ್ರ ಅಂತ. ಎಚ್ಚರ ಆದ್ರೆ ಹಡಗಿನಲ್ಲಿ ಕಳೆದಿರೋದು 25 ನಿಮಿಷ. ಕಟಾನ್ ಸುಟ್ಟು ಹೋಗಿ ಸಾವಿರ ವರ್ಷ ಆಗಿದೆ.

ಸರಿ, ಈಗ ನೀರು.

ಬರ ತೋರಿಸೋದು ಅಂದ್ರೆ ಸಿನಿಮಾದವರು ಏನು ಮಾಡ್ತಾರೆ ಹೇಳಿ? ಬಿರುಕು ಬಿಟ್ಟ ನೆಲ, ಸತ್ತ ಹಸು, ಮೇಲೆ ಹದ್ದು, ಹಿಂದೆ ಒಂದು ಆಲಾಪ. ಇಲ್ಲಿ ಅದು ಯಾವುದೂ ಇಲ್ಲ. ಊರಿನ ಮಧ್ಯ ಬಟಾಯ್ ಅನ್ನೋ ಸ್ನೇಹಿತ, ಮಗನಿಗೆ ಆಮೇಲೆ ಇವನ ಹೆಸರೇ ಇಡ್ತಾರೆ, ಒಂದು ಸಸಿ ನೆಡ್ತಾನೆ, ಅಷ್ಟೇ. ನೀರು ಪಡಿತರ, ಮನೆಗಿಷ್ಟು ಅಂತ ಲೆಕ್ಕ, ಆದ್ರೂ ಊರಿನವರೆಲ್ಲ ತಮ್ಮ ಪಾಲಿಂದ ಒಂಚೂರು ಆ ಸಸಿಗೆ ಕೊಡ್ತಾರೆ. ಹೊರಗಿನವನು ನೋಡಿದ್ರೆ ದಡ್ಡತನ ಅಂತಾನೆ, ಕುಡಿಯೋಕೇ ಇಲ್ಲ, ಮರಕ್ಕೆ ಯಾಕೆ ಅಂತ. ಆದ್ರೆ ನಮ್ಮ ಕಡೆ ಹಳ್ಳಿಗಳಲ್ಲಿ ಟ್ಯಾಂಕರ್ ಬರೋ ಬೇಸಿಗೇಲೂ ಅಶ್ವತ್ಥಕಟ್ಟೆಗೆ ಒಂದು ಚೊಂಬು ನೀರು ತಪ್ಪಲ್ಲ, ತಪ್ಪಿಸಿ ನೋಡಿ, ಮನೇಲಿ ಅಜ್ಜಿ ಸುಮ್ಮನಿರ್ತಾರಾ? ಆ ಸೀನ್ ಬರೆದವರು ಲಾಸ್ ಏಂಜಲಿಸ್‌ನಲ್ಲಿ ಕೂತು ಬರೆದ್ರೂ ಅದನ್ನ ಸರಿಯಾಗಿ ಹಿಡಿದಿದಾರೆ. ಬರ ಒಂದು ದಿನ ಬರಲ್ಲ, ಯಾರೂ ‘ಇವತ್ತಿಂದ ಬರ’ ಅಂತ ಹೇಳಲ್ಲ, ಜನ ಅದರೊಳಗೇ ಮದುವೆ ಮಾಡ್ತಾರೆ, ನಾಮಕರಣ ಮಾಡ್ತಾರೆ, ಜಗಳ ಆಡ್ತಾರೆ, ಇಡೀ ಎಪಿಸೋಡ್ ನಡೆಯೋದೇ ಹಾಗೆ, ನಾಮಕರಣದ ಸೀನ್ ನೆನಪಿದ್ಯಲ್ಲ, ಎಲ್ಲ ನಗ್ತಾ ಇದಾರೆ, ಮೇಲೆ ಸೂರ್ಯ ಸುಡ್ತಾ ಇದಾನೆ.

ಇನ್ನೊಂದು, ಅಡ್ಮಿನಿಸ್ಟ್ರೇಟರ್ ಬರೋ ಸೀನ್. ಕೇಮಿನ್ ಒಂದು ಐಡಿಯಾ ಮುಂದಿಡ್ತಾನೆ, ಗಾಳಿಯಲ್ಲಿರೋ ತೇವಾಂಶ ಹಿಡಿದು ನೀರು ಮಾಡೋ ಕಂಡೆನ್ಸರ್ ಕಟ್ಟೋಣ ಅಂತ. ಆವಾಗ ದೊಡ್ಡದಾಗಿ ಏನೂ ನಡೆಯಲ್ಲ. ಆದ್ರೆ ಎಷ್ಟೋ ವರ್ಷ ಆದ್ಮೇಲೆ ಕೇಮಿನ್ ತಾನೇ ಲೆಕ್ಕ ಹಾಕಿ ‘ಈ ಗ್ರಹ ಸಾಯ್ತಾ ಇದೆ’ ಅಂತ ಹೇಳೋಕೆ ಹೋದಾಗ ಅದೇ ಅಧಿಕಾರಿ ಪಕ್ಕಕ್ಕೆ ಕರೆದು, ನಮಗೆ ಆಗಲೇ ಗೊತ್ತು ಮಾರಾಯ, ಜನ ಗಾಬರಿ ಆಗ್ತಾರೆ ಅಂತ ಮುಚ್ಚಿಟ್ಟಿದೀವಿ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಈ ಜಾಗದಲ್ಲಿ ನಿಮ್ಮಲ್ಲಿ ಹಿಂದಿನ ಸಾಲಿನವರು ಜೋರಾಗಿ ನಕ್ಕಿರಿ. ಯಾಕೆ ನಕ್ಕಿರಿ ಅಂತ ನನಗೆ ಗೊತ್ತು. ನಮ್ಮ ಜಿಲ್ಲೆಯ ಎಲ್ಲ ತಾಲೂಕೂ ಅಂತರ್ಜಲದ ಲೆಕ್ಕದಲ್ಲಿ ಅತಿಬಳಕೆ ಪಟ್ಟಿಯಲ್ಲಿದೆ, ಅಂದ್ರೆ ವರ್ಷಕ್ಕೆ ನೆಲದೊಳಗೆ ಇಳಿಯೋ ನೀರಿಗಿಂತ ನಾವು ಎತ್ತೋದು ಜಾಸ್ತಿ. ಇದು ಗುಟ್ಟೇನಲ್ಲ, ಸರ್ಕಾರಿ ವರದಿಯಲ್ಲೇ ಇದೆ. ನಮ್ಮಲ್ಲಿ ಮುಚ್ಚಿಡೋ ಅಗತ್ಯವೇ ಬೀಳಲಿಲ್ಲ, ಎಲ್ಲರಿಗೂ ಗೊತ್ತಿದ್ದೂ ಬೆಳಗ್ಗೆ ಎದ್ದು ಬೋರ್‌ವೆಲ್ ಪಾಯಿಂಟ್ ನೋಡೋನಿಗೆ ಫೋನ್ ಮಾಡ್ತೀವಿ, ತೆಂಗಿನಕಾಯಿ ತಿರುಗ್ತು ಅಂತಾನೆ, ಲಾರಿ ಬರತ್ತೆ, ಸಾವಿರ ಅಡಿ ದಾಟಿದ್ರೂ ಬರೀ ಧೂಳು, ಪಕ್ಕದ ತೋಟದವನು ಸಾವಿರದಿನ್ನೂರಕ್ಕೆ ಇಳಿಸಿದ ಅಂತ ನಾವು ಸಾವಿರದೈನೂರಕ್ಕೆ ಇಳಿಸ್ತೀವಿ. ಕಟಾನ್‌ನವರಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತು, ವ್ಯತ್ಯಾಸ ಇಷ್ಟೇ.

ಮಗಳು ಮೆರಿಬೋರ್ ಬಗ್ಗೆ ಹೇಳ್ಲೇಬೇಕು. ಅವಳು ಮಣ್ಣು ಪರೀಕ್ಷೆ ಮಾಡ್ತಾಳೆ. ಅಪ್ಪನ ಹತ್ರ ಬಂದು ಮಣ್ಣು ಸತ್ತಿದೆ, ಇದು ಮಾಮೂಲಿ ಬರ ಅಲ್ಲ ಅಂತಾಳೆ. ಅಪ್ಪನಿಗೆ ಆಗಲೇ ಗೊತ್ತು, ಇವಳಿಗೆ ಹೇಳಿರಲಿಲ್ಲ. ಆತ ಆಗ ಏನು ಹೇಳ್ತಾನೆ? ಆ ಹುಡುಗನ್ನ ಬೇಗ ಮದುವೆ ಆಗು, ಇರೋ ಹೊತ್ತನ್ನ ಬದುಕು ಅಂತಾನೆ. ಫ್ಯಾನ್‌ಗಳೆಲ್ಲ ಇದನ್ನ ದೊಡ್ಡ ತತ್ವ ಅಂತ ಪೋಸ್ಟರ್ ಮಾಡ್ಕೊಂಡಿದಾರೆ. ನನಗೆ ಆ ಸೀನ್‌ನಲ್ಲಿ ತತ್ವ ಕಾಣಲಿಲ್ಲ, ಕೈ ಖಾಲಿ ಇರೋ ಒಬ್ಬ ಅಪ್ಪ ಕಂಡ. ನಮ್ಮ ಕಡೆ ಅಪ್ಪಂದಿರು ಇದೇ ಹೊತ್ತಲ್ಲಿ ಬೇರೆ ಮಾತು ಹೇಳ್ತಾರೆ, ಹೊಲ ನೋಡಿದ್ದು ಸಾಕು, ಬೆಂಗಳೂರಿಗೆ ಹೋಗಿ ಕೆಲಸ ನೋಡ್ಕೋ ಅಂತ. ಮಾರಿಕುಪ್ಪಂ ಕಡೆಯಿಂದ ಬೆಳಗ್ಗೆ ಹೊರಡೋ ಟ್ರೇನು ಬಂಗಾರಪೇಟೆಗೆ ಬರೋಷ್ಟ್ರಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅದೆಲ್ಲ ಈ ಮಾತು ಕೇಳಿಸ್ಕೊಂಡ ಮಕ್ಕಳೇ. ಕೇಮಿನ್‌ಗೆ ಹಾಗೆ ಹೇಳೋಕೆ ಒಂದು ಬೆಂಗಳೂರು ಇರಲಿಲ್ಲ. ಅವರ ಹತ್ರ ಇದ್ದಿದ್ದು ಆಗಷ್ಟೇ ಕಲಿತಿದ್ದ ಸಣ್ಣ ರಾಕೆಟ್ಟು, ಅದರಲ್ಲಿ ಮನುಷ್ಯರನ್ನ ಕೂರಿಸೋ ಹಾಗಿಲ್ಲ, ಕೂರಿಸಿದ್ರೂ ಹೋಗೋಕೆ ಊರಿಲ್ಲ.

ನಮ್ಮ ಕಂಡೆನ್ಸರ್ ಯಾವುದು ಅಂತ ನಿಮಗೆ ಗೊತ್ತು, ಕೆಸಿ ವ್ಯಾಲಿ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಸಂಸ್ಕರಿಸಿ ಪೈಪ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿಟ್ರಲ್ಲ, ಅಲ್ಲಿಂದ ಕೆರೆಯಿಂದ ಕೆರೆಗೆ. ಪ್ಲಾನ್ ಪ್ರಕಾರ ದಿನಕ್ಕೆ 440 ದಶಲಕ್ಷ ಲೀಟರು, 126 ಕೆರೆ. ಕುಡಿಯೋಕಲ್ಲ, ನೇರ ಹೊಲಕ್ಕೆ ಹಾಯಿಸೋಕೂ ಅಲ್ಲ, ಕೆರೇಲಿ ನಿಂತು ನೆಲಕ್ಕೆ ಇಳೀಲಿ, ಬೋರು ಮೇಲೆ ಬರಲಿ ಅಂತ. ನೊರೆ ಬಂತು, ಕೋರ್ಟಿಗೆ ಹೋಯ್ತು, ತಡೆ ಬಂತು, ತಡೆ ತೆರವಾಯ್ತು, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತದ್ದೂ ಬೇಕೇ ಬೇಕು ಅನ್ನೋರು ಒಂದು ಕಡೆ, ಬಂದಿದ್ದು ಬರಲಿ ಬಿಡ್ರಿ ಅನ್ನೋರು ಇನ್ನೊಂದು ಕಡೆ, ಈ ಜಗಳ ಇಲ್ಲಿ ಶುರು ಮಾಡಿದ್ರೆ ರಾತ್ರಿ ಆಗತ್ತೆ. ನಾನು ಮೂರನೇ ಹಂತ ಬೇಕು ಅನ್ನೋ ಕಡೆ, ಅಷ್ಟು ಹೇಳಿ ಮುಂದಕ್ಕೆ ಹೋಗ್ತೀನಿ. ಆದ್ರೆ ಕೆಲಸ ಮಾಡೋ ಮಕ್ಕಳು ಬೆಳಗ್ಗೆ ಟ್ರೇನ್ ಹತ್ತಿ ಹೋಗೋದು, ಅವರು ಅಲ್ಲಿ ಮುಖ ತೊಳೆದ ನೀರು ಪೈಪ್ ಹತ್ತಿ ವಾಪಸ್ ಬರೋದು, ಇದನ್ನ ಯಾರಾದ್ರೂ ಸೈನ್ಸ್ ಫಿಕ್ಷನ್ ಬರಹಗಾರ ಬರೆದಿದ್ರೆ ನಾವು ನಂಬ್ತಿದ್ವಾ?

ಈಗ ಸ್ವಲ್ಪ ಸೈನ್ಸ್ ಕಿತಾಪತಿ. ಫ್ಯಾನ್ ಆದ್ರೂ ತಪ್ಪು ತಪ್ಪೇ. ಎಪಿಸೋಡ್‌ನಲ್ಲಿ ಸೂರ್ಯ ನೋವಾ ಆಗಿ ಗ್ರಹ ನಾಶ ಆಯ್ತು ಅಂತ ಹೇಳ್ತಾರೆ, ಅದಕ್ಕೆ ಮೊದಲಿನ ಬಿಸಿ ಏರಿಕೆಯೇ ಬರ. ಖಗೋಳಶಾಸ್ತ್ರದಲ್ಲಿ ನೋವಾ ಅಂದ್ರೆ ಒಂಟಿ ನಕ್ಷತ್ರಕ್ಕೆ ಆಗೋದಲ್ಲ, ಜೋಡಿ ಬೇಕು, ಸತ್ತು ಕುಗ್ಗಿದ ಶ್ವೇತಕುಬ್ಜ ಒಂದು, ಅದು ಪಕ್ಕದ ನಕ್ಷತ್ರದಿಂದ ಹೈಡ್ರೋಜನ್ ಎಳ್ಕೊಂಡು ಎಳ್ಕೊಂಡು ಮೇಲ್ಮೈಯಲ್ಲಿ ಒಂದು ಸಲ ಭಗ್ ಅನ್ನತ್ತೆ. ಇನ್ನು ನಮ್ಮ ಸೂರ್ಯನ ತರದ್ದು ತಾನೇ ತಾನಾಗಿ ಬಿಸಿ ಆಗೋದು ನಿಜ, ಆದ್ರೆ ಎಷ್ಟು ನಿಧಾನ ಅಂದ್ರೆ 100 ಕೋಟಿ ವರ್ಷಕ್ಕೆ ಸುಮಾರು 10 ಪರ್ಸೆಂಟು. ಒಬ್ಬ ಮನುಷ್ಯನ ಆಯಸ್ಸಲ್ಲಿ ಸೂರ್ಯ ಬದಲಾಗಿದ್ದು ಕಂಡುಹಿಡಿಯೋದು ಸಾಧ್ಯ ಇಲ್ಲ. ಹಾಗಾಗಿ ಕೇಮಿನ್ ತೋಟದಲ್ಲಿ ದುರ್ಬೀನು ಇಟ್ಕೊಂಡು ಸೂರ್ಯನ್ನ ಅಳೆಯೋದು ಚಂದ, ಲೆಕ್ಕ ಕೂರಲ್ಲ.

ನಕ್ಷತ್ರ ಸಾಯೋ ಮಾತು ಬಂದಿದ್ದಕ್ಕೆ ಇದೊಂದು ಹೇಳಿಬಿಡ್ತೀನಿ, ವಿಷಯಕ್ಕೆ ಹೊರಗಿಂದು, ಆದ್ರೆ ನಮ್ಮೂರಿಂದು. ಸೂಪರ್‌ನೋವಾ ಆದಾಗ ಬೆಳಕಿಗಿಂತ ಮೊದಲು ಹೊರಗೆ ಬರೋದು ನ್ಯೂಟ್ರಿನೋ ಅನ್ನೋ ಕಣ. 1987ರಲ್ಲಿ ಪಕ್ಕದ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಾಗ ಜಪಾನಿನ ಗಣಿಯೊಳಗಿನ ಯಂತ್ರಕ್ಕೆ ಆ ಕಣ ಸಿಕ್ಕಿದ್ದು ಬೆಳಕು ಕಾಣೋಕೆ ಗಂಟೆಗಟ್ಲೆ ಮೊದಲು. ಅದಕ್ಕೂ 22 ವರ್ಷ ಮುಂಚೆ, 1965ರಲ್ಲಿ, ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದು ಹುಟ್ಟೋ ನ್ಯೂಟ್ರಿನೋನ ಪ್ರಪಂಚದಲ್ಲೇ ಮೊದಲು ಹಿಡಿದ ಜಾಗಗಳಲ್ಲಿ ಒಂದು ಇಲ್ಲೇ ಕೆಜಿಎಫ್, ಚಾಂಪಿಯನ್ ರೀಫ್ ಗಣಿ, ನೆಲದಿಂದ ಎರಡು ಕಿಲೋಮೀಟರಿಗಿಂತ ಕೆಳಗೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನಿನವರು, ಇಂಗ್ಲೆಂಡಿನವರು ಸೇರಿ ಮಾಡಿದ್ದು. 2001ರಲ್ಲಿ ಗಣಿ ಮುಚ್ತು, ಈಗ ಅದರೊಳಗೆಲ್ಲ ನೀರು ತುಂಬಿದೆ. ಮೇಲೆ ಬಿಂದಿಗೆ ಹಿಡಿದು ನಿಂತಿರೋ ಊರಿನ ಕೆಳಗೆ ನೀರು ತುಂಬಿದ ಕಿಲೋಮೀಟರುಗಟ್ಲೆ ಸುರಂಗ. ಹುಡುಗರು ಕೆಜಿಎಫ್ ಅಂದ್ರೆ ಬೇರೇನೋ ನೆನೆಸ್ಕೊತಾರೆ, ಇರಲಿ ಬಿಡಿ.

ವಾಪಸ್ ಕಥೆಗೆ ಬರೋಣ. ಲಾಜಿಕ್ ಕೇಳೋರಿಗೆ ಇನ್ನೊಂದು ದೊಡ್ಡ ಓಟೆ ಇದೆ. ಮನುಷ್ಯನ ತಲೆಯೊಳಗೆ ಒಂದು ಪೂರ್ತಿ ಬದುಕು ತುಂಬಿಸೋ ಯಂತ್ರ ಮಾಡಬಲ್ಲ ಜನಕ್ಕೆ ಗ್ರಹ ಬಿಟ್ಟು ಹೋಗೋ ಹಡಗು ಮಾಡೋಕೆ ಆಗಲಿಲ್ವಾ? ಇದಕ್ಕೆ ಫ್ಯಾನ್‌ಗಳು ಏನೇನೋ ಸಮಜಾಯಿಷಿ ಕೊಡ್ತಾರೆ, ನನಗೆ ಯಾವುದೂ ಒಪ್ಪಿಗೆ ಆಗಿಲ್ಲ, ಒಪ್ಪಿಗೆ ಆಗದಿದ್ರೂ ಎಪಿಸೋಡ್ ಮೇಲಿನ ಪ್ರೀತಿ ಕಮ್ಮಿ ಆಗಿಲ್ಲ. ಯಾಕಂದ್ರೆ ಅವರು ಹೇಗೆ ಕಳಿಸಿದ್ರು ಅನ್ನೋದಕ್ಕಿಂತ ಏನು ಕಳಿಸಿದ್ರು ಅನ್ನೋದೇ ನನ್ನನ್ನ ಹಿಡಿದಿದ್ದು.

ಯೋಚನೆ ಮಾಡಿ, ನಿಮ್ಮ ಇಡೀ ಲೋಕ ಮುಳುಗ್ತಾ ಇದೆ, ಒಂದೇ ಒಂದು ಪೆಟ್ಟಿಗೆ ಕಳಿಸಬಹುದು. ಏನು ಹಾಕ್ತೀರ? ನಮ್ಮ ಹಿಂದಿನವರು ಏನು ಹಾಕಿದ್ರು ಅಂತ ನಮಗೆ ಗೊತ್ತಿದೆ, ಈ ಜಿಲ್ಲೆ ತುಂಬ ಶಾಸನ ಇದೆ, 1905ರಲ್ಲಿ ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಗ್ರಹದ ಹತ್ತನೇ ಸಂಪುಟವನ್ನ ಪೂರ್ತಿ ಕೋಲಾರಕ್ಕೇ ಮೀಸಲಿಟ್ರು. ಕೆರೆ ಏರಿ ಮೇಲೆ, ದೇವಸ್ಥಾನದ ಗೋಡೆ ಮೇಲೆ, ಹೊಲದ ಬದುವಿನಲ್ಲಿ ಕಲ್ಲು. ಅದರಲ್ಲಿ ಏನಿರತ್ತೆ? ಮೊದಲು ರಾಜನ ಬಿರುದು, ಮುಗಿಯೋದೇ ಇಲ್ಲ. ಆಮೇಲೆ ಯಾರು ಕೆರೆ ಕಟ್ಟಿಸಿದ್ರು, ತೂಬಿನ ಕೆಳಗೆ ಎಷ್ಟು ಜಮೀನು ಬಿಟ್ರು, ಕೊನೇಲಿ ಶಾಪ, ಇದನ್ನ ಅಳಿಸಿದೋನು ಗಂಗೆ ತಡಿಯಲ್ಲಿ ಕಪಿಲೆ ಹಸು ಕೊಂದ ಪಾಪಕ್ಕೆ ಹೋಗ್ಲಿ ಅಂತ. ವೀರಗಲ್ಲು ಆದ್ರೆ ತುರು ಕಾಯೋಕೆ ಹೋಗಿ ಸತ್ತೋನು, ಮೇಲೆ ಅಪ್ಸರೆಯರು. ಎಲ್ಲ ಸರಿ, ಆದ್ರೆ ಆ ಕೆರೆಯ ತೂಬು ಎತ್ತಿ ಇಳಿಸ್ತಿದ್ದ ನೀರುಗಂಟಿ ಸಂಜೆ ಮನೆಗೆ ಹೋಗಿ ಹೆಂಡ್ತಿ ಹತ್ರ ಏನು ಬೈಸ್ಕೊತಿದ್ದ ಅನ್ನೋದು ಯಾವ ಕಲ್ಲಲ್ಲೂ ಇಲ್ಲ.

ಕಟಾನ್‌ನವರು ಕಳಿಸಿದ್ದು ಬರೀ ಅದನ್ನೇ. ರಾಜ ಇಲ್ಲ, ಯುದ್ಧ ಇಲ್ಲ, ಅವರ ಗ್ರಹದ ರಾಜಧಾನಿ ಹೆಸರು ಕೂಡ ನಮಗೆ ತಿಳಿಯಲ್ಲ. ಒಬ್ಬ ಕಬ್ಬಿಣದ ಕೆಲಸದವನು, ಅವನು ಮನೆಗೆ ಬಂದು ಶೂ ಎಲ್ಲೆಂದರಲ್ಲಿ ಬಿಡ್ತಾನೆ, ಹೆಂಡ್ತಿ ‘ಎತ್ತಿಡು’ ಅಂತ ದಿನಾ ಹೇಳ್ತಾಳೆ. ಸಾಯೋ ಹೊತ್ತಲ್ಲೂ ಅವಳು ಹೇಳೋದು ಅದನ್ನೇ, ಶೂ ಎತ್ತಿಡು ಅಂತ. ಎಷ್ಟು ಸಲ ನೋಡಿದ್ರೂ ನನಗೆ ಗಂಟಲು ಕಟ್ಟೋ ಜಾಗ ಅದು, ಕೊಳಲು ಅಲ್ಲ. ಮಗ ಓದು ಬಿಡ್ತೀನಿ, ಸಂಗೀತ ಮಾಡ್ತೀನಿ ಅಂತ ಹಟ ಹಿಡೀತಾನಲ್ಲ, ಆ ಹುಡುಗನ ಪಾತ್ರ ಮಾಡಿರೋದು ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟುವರ್ಟ್ ಅವರ ಸ್ವಂತ ಮಗ ಡೇನಿಯಲ್ಲು, ಅದು ಗೊತ್ತಾದ್ಮೇಲೆ ಆ ಸೀನ್ ಇನ್ನೊಂದು ಸಲ ನೋಡಿ, ಅಪ್ಪ ಮಗನ್ನ ನೋಡೋ ರೀತಿ ಬೇರೆಯೇ ಕಾಣತ್ತೆ. ಪಿಕಾರ್ಡ್ ಅನ್ನೋ ಮನುಷ್ಯ ಇಡೀ ಸರಣಿಯಲ್ಲಿ ಮಕ್ಕಳು ಅಂದ್ರೆ ಮಾರು ದೂರ ನಿಲ್ಲೋನು, ಆತನಿಗೇ ಈ ಬದುಕು ಕೊಟ್ಟಿದ್ದು ಬರಹಗಾರರ ಜಾಣತನ.

ಪ್ರಶಸ್ತಿ ಅದು ಇದು ಎಲ್ಲ ಬಂತು, ಸೈನ್ಸ್ ಫಿಕ್ಷನ್‌ಗೆ ಕೊಡೋ ಹ್ಯೂಗೋ ಪ್ರಶಸ್ತಿ 1993ರಲ್ಲಿ ಇದಕ್ಕೇ, 1968ರ ನಂತರ ಒಂದು ಟಿವಿ ಸರಣಿಯ ಎಪಿಸೋಡಿಗೆ ಅದು ಸಿಕ್ಕಿದ್ದು ಆವಾಗಲೇ. ಕಥೆ ಮಾರ್ಗನ್ ಗೆಂಡೆಲ್, ಚಿತ್ರಕಥೆಯಲ್ಲಿ ಪೀಟರ್ ಅಲನ್ ಫೀಲ್ಡ್ಸ್ ಜೊತೆ, ಸಂಗೀತ ಜೇ ಚಟವೇ. ಎಪಿಸೋಡಿನ ಹೆಸರು ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಬರೆದ ಒಂದು ಹಾಡಿಂದ ತಗೊಂಡಿದ್ದು, ಆ ಹಾಡಿನ ವಾದ್ಯಗಳನ್ನ 1968ರಲ್ಲಿ ಬಾಂಬೆಯಲ್ಲಿ ನಮ್ಮ ದೇಶದ ಕಲಾವಿದರ ಕೈಲೇ ನುಡಿಸಿ ರೆಕಾರ್ಡ್ ಮಾಡಿದ್ದು. ಕೊಳಲಿನ ವಿಷಯ ಬೇಕೇ ಬೇಕು ಅನ್ನೋರಿಗೆ ಒಂದು ತಮಾಷೆ, ಶೂಟಿಂಗ್‌ನಲ್ಲಿ ಬಳಸಿದ ಆ ಕೊಳಲು 2006ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 48,000 ಡಾಲರಿಗೆ ಹೋಯ್ತು. ಅದನ್ನ ನುಡಿಸೋಕೆ ಬರಲ್ಲ, ಬರೀ ಪ್ರಾಪು.

ಇಲ್ಲಿ ಒಬ್ಬ ತಂಗಿ ಆಗಲೇ ಎದ್ದು ಕೇಳಿದ್ರು, ಸರ್, ಆ ಮನುಷ್ಯನ ಒಪ್ಪಿಗೆ ಕೇಳದೆ ಅವನ ತಲೆಯೊಳಗೆ ನುಗ್ಗಿದ್ದು ತಪ್ಪಲ್ವಾ ಅಂತ. ತಪ್ಪೇ ಕಣಮ್ಮ. ನಾನು ಇದನ್ನ ಸುಲಭವಾಗಿ ಬಿಟ್ಟುಕೊಡಲ್ಲ. ಅವನಿಗೆ ಹೆಂಡ್ತಿ ಕೊಟ್ರು, ಮಕ್ಕಳು ಕೊಟ್ರು, ಎಲ್ಲ ಕೊಟ್ಟು ಒಂದೇ ಏಟಿಗೆ ಕಿತ್ಕೊಂಡ್ರು, ಆ ಮೊಮ್ಮಗ ಯಾರು? ಅವನು ಈಗ ಯಾರನ್ನ ನೆನೆದು ಅಳಬೇಕು? ಅದಕ್ಕಿಂತ ಬೇಜಾರು ಸರಣಿಯವರ ಮೇಲೆ, ಮುಂದಿನ ಎಪಿಸೋಡ್‌ಗೆ ಹೋದ್ರೆ ಪಿಕಾರ್ಡ್ ಎಂದಿನ ಹಾಗೇ ಹಡಗು ನಡೆಸೋ ಕೋಣೇಲಿ ಆರ್ಡರ್ ಕೊಡ್ತಾ ಕೂತಿದಾನೆ, ಹಡಗಿನ ಯಂತ್ರಮಾನವ ಅಧಿಕಾರಿ ಡೇಟಾನ ತಲೆ ಎಲ್ಲೋ ಗುಹೆಯಲ್ಲಿ ಸಿಕ್ತು ಅಂತ ಬೇರೆ ಕಥೆ ಶುರು. ಒಂದು ಸೂತಕ ಕೂಡ ಇಲ್ವಲ್ರೀ ಆ ಮನುಷ್ಯನಿಗೆ! ಆಗಿನ ಟಿವಿ ಹಾಗೆ, ವಾರಕ್ಕೊಂದು ಕಥೆ, ಮುಗೀತು ಅಂದ್ರೆ ಮುಗೀತು.

ಇನ್ನೊಂದು ಆಕ್ಷೇಪ, ಇದು ಯಾವ ಫ್ಯಾನೂ ಎತ್ತಿದ್ದು ನಾನು ಕೇಳಿಲ್ಲ. ಇಷ್ಟು ದೊಡ್ಡ ಬರ, ನೀರಿಗೆ ಪಡಿತರ, ಆದ್ರೆ ಇಡೀ ಎಪಿಸೋಡ್‌ನಲ್ಲಿ ನೀರು ಹೊರೋರು ಒಬ್ಬರೂ ನನ್ನ ಕಣ್ಣಿಗೆ ಬೀಳಲಿಲ್ಲ. ಸಸಿಗೆ ಹಾಕೋ ನೀರು ಬಂತು, ಎಲೀನ್ ಅಡುಗೆ ಮಾಡಿದ್ದು ಬಂತು, ಆ ನೀರು ಮನೆಗೆ ಹೇಗೆ ಬಂತು? ನಮ್ಮಲ್ಲಿ ಬರ ಅಂದ್ರೆ ಮೊದಲು ಕಾಣೋದು ಟ್ಯಾಂಕರ್ ಹಿಂದೆ ಸಾಲಾಗಿಟ್ಟ ಬಣ್ಣ ಬಣ್ಣದ ಪ್ಲಾಸ್ಟಿಕ್ ಬಿಂದಿಗೆ, ಅದರ ಹಿಂದೆ ಹೆಂಗಸರು, ನಾನು ಮೊದಲು ನೀನು ಮೊದಲು ಅಂತ ಜಗಳ, ಸ್ಕೂಲಿಗೆ ಲೇಟಾದ ಹುಡುಗೀರು. ಬರದ ಅರ್ಧ ಕಥೆ ಅಲ್ಲೇ ಇರೋದು. ಕೇಮಿನ್‌ಗೆ ಕೊಳಲು ಕಲಿಯೋಕೆ, ದುರ್ಬೀನು ಕಟ್ಟೋಕೆ ಟೈಮ್ ಸಿಕ್ಕಿದ್ದು ಯಾಕೆ ಅಂದ್ರೆ ನೀರು ಯಾರೋ ತರ್ತಾ ಇದ್ರು. ಆ ಪೆಟ್ಟಿಗೆಯಲ್ಲಿ ಎಲೀನ್‌ಳ ಬದುಕು ತುಂಬಿ ಕಳಿಸಿದ್ರೆ ಪಿಕಾರ್ಡ್‌ಗೆ ಎಚ್ಚರ ಆದಾಗ ಕೊಳಲು ನೆನಪಾಗ್ತಿರಲಿಲ್ಲ, ಸೊಂಟ ನೋಯ್ತಿತ್ತು. ನಗಬೇಡಿ, ಸೀರಿಯಸ್ಸಾಗಿ ಹೇಳ್ತಿದೀನಿ.

ಆ ಸೂತಕದ ಮಾತು ಹೇಳಿದ್ನಲ್ಲ, ಅದನ್ನ ಸ್ವಲ್ಪ ಸರಿ ಮಾಡೋ ಪ್ರಯತ್ನ ಆರನೇ ಸೀಸನ್‌ನಲ್ಲಿದೆ, 1993ರ ‘ಲೆಸನ್ಸ್’ ಅನ್ನೋ ಎಪಿಸೋಡು. ಹಡಗಿಗೆ ಹೊಸದಾಗಿ ಬಂದ ನೆಲ್ಲಾ ಡ್ಯಾರೆನ್ ಅನ್ನೋ ವಿಜ್ಞಾನಿ ಪಿಯಾನೋ ನುಡಿಸ್ತಾಳೆ, ಪಿಕಾರ್ಡ್ ಅವಳಿಗೆ ಕಟಾನ್ ಕಥೆ ಬಾಯಿ ಬಿಟ್ಟು ಹೇಳ್ತಾನೆ, ಇಬ್ಬರೂ ಹಡಗಿನ ಕೊಳವೆ ದಾರಿಯೊಳಗೆ ತೂರಿ ಕೂತು ನುಡಿಸ್ತಾರೆ, ಯಾಕಂದ್ರೆ ಅಲ್ಲಿ ನಾದ ಚೆನ್ನಾಗಿ ಮೊಳಗತ್ತೆ. ಈ ಎಪಿಸೋಡಿನಷ್ಟು ಗಟ್ಟಿ ಇಲ್ಲ, ಮಧ್ಯದಲ್ಲಿ ಎಳೀತಾರೆ, ಆದ್ರೂ ನೋಡಬೇಕಾದ್ದು. ಮುಂದಿನ ಸಲ ಅದನ್ನೇ ಹಾಕೋಣ, ಮುಕ್ಕಾಲು ಗಂಟೆ ಅಷ್ಟೇ, ಕರೆಂಟ್ ಇದ್ರೆ.